ಕಾಂಬಿ, ಸಿಸ್ಟಮ್, ರೆಗ್ಯುಲರ್: ಬ್ರಿಟನ್ ಮನೆಗಳ ಹೀಟಿಂಗ್ ಹೇಗೆ ಬೇರೆ ಬೇರೆ?

ಬ್ರಿಟನ್ನಿನ ಮನೆಗಳಲ್ಲಿ ಗ್ಯಾಸ್ ಬಾಯ್ಲರ್ ಮೂರು ಬಗೆ. ಹೀಟಿಂಗ್ ಕೆಲಸ ಕಲಿಯುವವರ ಪಾಠದ ಚಿತ್ರ ನೋಡಿದರೆ ಮೂರೂ ಪೂರ್ತಿ ಬೇರೆ ಅನ್ನಿಸುತ್ತದೆ. ಆದರೆ ರೇಡಿಯೇಟರ್ ಕಡೆ ಕೆಲಸ ಒಂದೇ. ಬಾಯ್ಲರ್ ನೀರು ಕಾಯಿಸುತ್ತದೆ, ಪಂಪು ಅದನ್ನು ರೇಡಿಯೇಟರ್‌ಗಳಿಗೆ ತಳ್ಳುತ್ತದೆ, ಬಿಸಿ ಕೊಟ್ಟ ನೀರು ವಾಪಸ್ ಬರುತ್ತದೆ. ನಿಜವಾದ ವ್ಯತ್ಯಾಸ ಇರುವುದು ನಲ್ಲಿಯ ಬಿಸಿನೀರು ಎಲ್ಲಿಂದ ಬರುತ್ತದೆ ಅನ್ನುವುದರಲ್ಲಿ. ಇದನ್ನು ಹಿಡಿದುಕೊಂಡರೆ ಉಳಿದದ್ದು ಸುಲಭ.

ರೆಗ್ಯುಲರ್ ಹಳೆಯ ಬಗೆ. ನಮ್ಮ ಬಚ್ಚಲಿನ ತಾಮ್ರದ ಹಂಡೆ ನೆನಪಿಸಿಕೊಳ್ಳಿ. ಇಲ್ಲೂ ಹೆಚ್ಚಾಗಿ ತಾಮ್ರದ್ದೇ ಸಿಲಿಂಡರ್ ಇರುತ್ತದೆ. (ಸಿಲಿಂಡರ್ ಅಂದರೆ ಗ್ಯಾಸಿನದಲ್ಲ, ಬಿಸಿನೀರು ತುಂಬಿಡುವ ಟ್ಯಾಂಕು.) ಅದರೊಳಗೆ ಸುರುಳಿ ಪೈಪು. ಬಾಯ್ಲರಿನ ನೀರು ಸುರುಳಿಯಲ್ಲಿ ಹರಿಯುತ್ತದೆ, ಸ್ನಾನದ ನೀರು ಹೊರಗಿರುತ್ತದೆ, ಎರಡೂ ಬೆರೆಯುವುದಿಲ್ಲ. ಸಿಲಿಂಡರಿಗೆ ನೀರು ಅಟ್ಟದ ಟ್ಯಾಂಕಿನಿಂದ ಬರುವುದರಿಂದ ಮೇಲಿನ ಮಹಡಿಯಲ್ಲಿ ಶವರ್ ಜೋರಾಗಿ ಬರುವುದಿಲ್ಲ.

ಸಿಸ್ಟಮ್ ಬಾಯ್ಲರಿನಲ್ಲಿ ಪಂಪು, ಎಕ್ಸ್‌ಪಾನ್ಷನ್ ವೆಸೆಲ್ (ಕಾದು ಹಿಗ್ಗುವ ನೀರಿಗೆ ಜಾಗ ಕೊಡುವ ಪಾತ್ರೆ) ಸಾಮಾನ್ಯವಾಗಿ ಪೆಟ್ಟಿಗೆಯೊಳಗೇ ಇರುತ್ತವೆ. ಸಿಲಿಂಡರ್ ಉಳಿಯುತ್ತದೆ, ಆದರೆ ಹೆಚ್ಚಾಗಿ ಅದು ನೇರ ಮೇನ್ಸ್ (ಬೀದಿಯಿಂದ ಬರುವ ನೀರಿನ ಪೈಪು) ಒತ್ತಡದಲ್ಲಿರುವ ಅನ್‌ವೆಂಟೆಡ್ ಸಿಲಿಂಡರ್. ಅಟ್ಟದ ಟ್ಯಾಂಕು ಬೇಡ. ಆದರೆ ಮುಚ್ಚಿದ ಪಾತ್ರೆಯಲ್ಲಿ ನೀರು ಅತಿಯಾಗಿ ಕಾದು ಸುರಕ್ಷತೆಯ ವಾಲ್ವುಗಳೂ ಕೈಕೊಟ್ಟರೆ ಸಿಲಿಂಡರ್ ಸಿಡಿಯಬಹುದು. ಅದಕ್ಕೇ 15 ಲೀಟರಿಗಿಂತ ದೊಡ್ಡದಕ್ಕೆ ಇಂಗ್ಲೆಂಡಿನ ಕಟ್ಟಡ ನಿಯಮ ಜಿ3 ಅಷ್ಟು ಬಿಗಿ. ಪರೀಕ್ಷೆಗೆ ಅಂತ ಅಲ್ಲ, ಇದನ್ನು ಜೀವದ ವಿಷಯವಾಗಿ ಓದಿ.

ಇನ್ನು ಕಾಂಬಿ. ಇದರಲ್ಲಿ ನೀರು ತುಂಬಿಡುವುದೇ ಇಲ್ಲ. ನಲ್ಲಿ ತಿರುಗಿಸಿದಾಗ ನೀರು ಕಾಯುತ್ತದೆ, ನಮ್ಮ ಇನ್‌ಸ್ಟಂಟ್ ಗೀಸರ್ ಥರ. ಆದರೆ ಆ ಗೀಸರಿಗೆ 3 ಕಿಲೋವ್ಯಾಟ್ ಸಾಕು, ಕಾಂಬಿಗೆ 24 ಅಥವಾ 30 ಯಾಕೆ? ಲೆಕ್ಕ ಮಾಡೋಣ. ಚಳಿಗಾಲದಲ್ಲಿ ಮೇನ್ಸ್ ನೀರು 5 ಡಿಗ್ರಿ ಅಂತ ಇಟ್ಟುಕೊಳ್ಳಿ. ಶವರಿಗೆ 40 ಬೇಕು, ಅಂದರೆ 35 ಡಿಗ್ರಿ ಏರಿಸಬೇಕು. ಒಂದು ಲೀಟರ್ ನೀರು ಒಂದು ಡಿಗ್ರಿ ಏರಲು ಸುಮಾರು 4.2 ಕಿಲೋಜೂಲ್. 24ನ್ನು 4.2 × 35ರಿಂದ ಭಾಗಿಸಿದರೆ ಸೆಕೆಂಡಿಗೆ 0.163 ಲೀಟರ್, ನಿಮಿಷಕ್ಕೆ 10 ಲೀಟರಿಗೂ ಸ್ವಲ್ಪ ಕಡಿಮೆ. ಒಂದು ಒಳ್ಳೆಯ ಶವರಿಗೆ ಸರಿಹೋಯಿತು. ಎರಡು ಬಚ್ಚಲಲ್ಲಿ ಒಟ್ಟಿಗೆ ಸ್ನಾನಕ್ಕೆ ನಿಂತರೆ ಸಾಲದು. ಚಿಕ್ಕ ಫ್ಲಾಟಿಗೆ ಕಾಂಬಿ, ಎರಡು ಮೂರು ಬಚ್ಚಲಿನ ಮನೆಗೆ ಸಿಲಿಂಡರ್ ಅನ್ನುವುದಕ್ಕೆ ಕಾರಣ ಇಷ್ಟೇ.

ಜಾಸ್ತಿ ಜನ ತಪ್ಪುವುದು ಕಂಡೆನ್ಸಿಂಗ್ ವಿಷಯದಲ್ಲಿ. 2005ರ ಏಪ್ರಿಲ್‌ನಿಂದ ಇಂಗ್ಲೆಂಡಿನಲ್ಲಿ ಹೊಸ ಗ್ಯಾಸ್ ಬಾಯ್ಲರ್ ಬಹುತೇಕ ಕಂಡೆನ್ಸಿಂಗ್ ಆಗಿರಲೇಬೇಕು. ಹೊಗೆಯಲ್ಲಿರುವ ಹಬೆ ನೀರಾಗುವಾಗ ಬಿಡುವ ಶಾಖವನ್ನೂ ಇದು ಹಿಡಿಯುತ್ತದೆ. ಆದರೆ ಹಬೆ ನೀರಾಗಬೇಕಾದರೆ ವಾಪಸ್ ಬರುವ ನೀರು ಸುಮಾರು 55 ಡಿಗ್ರಿಗಿಂತ ಕೆಳಗಿರಬೇಕು. ಹೊರಹೋಗುವ ನೀರನ್ನು 80ಕ್ಕೆ ಇಟ್ಟು ವಾಪಸ್ 60ರಲ್ಲಿ ಬಂದರೆ ಹೆಸರಿಗಷ್ಟೇ ಕಂಡೆನ್ಸಿಂಗ್!

ಗ್ಯಾಸ್ ಬಾಯ್ಲರಿನ ಬದಲು ಹಾಕುವ ಹೀಟ್ ಪಂಪಿಗೆ (ಹೊರಗಿನ ಗಾಳಿಯ ಶಾಖವನ್ನು ಕರೆಂಟಿನ ಸಹಾಯದಿಂದ ಮನೆಯೊಳಗೆ ತರುವ ಯಂತ್ರ) ನೀರಿನ ಬಿಸಿ ತಗ್ಗಿರುವುದು ಇನ್ನೂ ಮುಖ್ಯ. ಅದು ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್ ಶಾಖ ಕೊಡುತ್ತದೆ. ಹೆಚ್ಚಿನದು ಹೊರಗಿನ ಗಾಳಿಯಿಂದ ಬಂದದ್ದು. ನೀರನ್ನು ಎಷ್ಟು ಜಾಸ್ತಿ ಕಾಯಿಸುತ್ತೀರೋ ಲಾಭ ಅಷ್ಟು ಇಳಿಯುತ್ತದೆ. ರೇಡಿಯೇಟರ್ ಮೇಲೆ ಬರೆದ ಶಕ್ತಿ, ಅದು ಕೋಣೆಗಿಂತ 50 ಡಿಗ್ರಿ ಬಿಸಿ ಇದ್ದಾಗಿನದು. ವ್ಯತ್ಯಾಸ 25ಕ್ಕೆ ಇಳಿದರೆ ಅರ್ಧ ಅಲ್ಲ, ಸುಮಾರು 40 ಪ್ರತಿಶತ ಮಾತ್ರ ಸಿಗುತ್ತದೆ. ಹಾಗಾಗಿ ದೊಡ್ಡ ರೇಡಿಯೇಟರ್, ಇಲ್ಲವೇ ನೆಲದಡಿಯ ಪೈಪು.

ಈಗ ಮೊದಲಿನ ಪ್ರಶ್ನೆಗೆ ಬನ್ನಿ. ನಲ್ಲಿಯ ಬಿಸಿನೀರು? ಮನೆಯ ಹೀಟ್ ಪಂಪ್ ಸಾಮಾನ್ಯವಾಗಿ 5ರಿಂದ 12 ಕಿಲೋವ್ಯಾಟ್. ಮೇಲಿನ ಲೆಕ್ಕದಲ್ಲಿ ಹಾಕಿ ನೋಡಿ, ಆಗಿಂದಾಗ್ಗೆ ಕಾಯಿಸಲು ಆಗುವುದಿಲ್ಲ. ಸಿಲಿಂಡರ್ ಮತ್ತೆ ಬೇಕು. ಕಾಂಬಿ ಹಾಕಿಸಿ, ಹಳೆ ಸಿಲಿಂಡರ್ ಇದ್ದ ಜಾಗದಲ್ಲಿ ಕಪಾಟು ಮಾಡಿಕೊಂಡ ಮನೆಗೆ ಹೋದರೆ, ಟೇಪು ಹಿಡಿದು ಮೊದಲು ಅಳೆಯಬೇಕಾದದ್ದು ಆ ಕಪಾಟನ್ನೇ.