ಮ್ಯಾಗ್ನೀಷಿಯಂ ಕೊಟ್ಟ ಮೇಲೆ ಮಂಡಿಗೆ ಯಾಕೆ ತಟ್ಟುತ್ತಾರೆ?

ಪ್ರಶ್ನೆ: ಎಂಟು ತಿಂಗಳ ಬಸುರಿ ಮಗಳಿಗೆ ಬಿ.ಪಿ. ಏರಿತ್ತು. ಎರಡೂ ಕಡೆ ಸೊಂಟಕ್ಕೆ ದೊಡ್ಡ ಇಂಜೆಕ್ಷನ್ ಹಾಕಿ ಮೈಸೂರಿಗೆ ಕಳಿಸಿದರು. ಮ್ಯಾಗ್ನೀಷಿಯಂ ಸಲ್ಫೇಟ್ ಅಂತೆ. ಕಬ್ಬಿಗೆ ಹಾಕುವ ಗೊಬ್ಬರವಲ್ಲವೇ ಅದು? ಅಲ್ಲಿ ಸಿಸ್ಟರ್ ಮತ್ತೆ ಮತ್ತೆ ಮಂಡಿಗೆ ತಟ್ಟಿ ನೋಡುತ್ತಿದ್ದರು. ಯಾಕೆ? (ಮದ್ದೂರಿನ ಓದುಗರು)

ಲವಣ ಅದೇ. ಚೀಲದಲ್ಲಿರುವುದು ಎಲೆ ಹಳದಿಯಾದ ಬೆಳೆಗೆ, ಆಂಪೂಲಿನಲ್ಲಿ (ಇಂಜೆಕ್ಷನ್ನಿನ ಪುಟ್ಟ ಶೀಷೆ) ಇರುವುದು ರಕ್ತಕ್ಕೆ ಹೋಗುವಷ್ಟು ಶುದ್ಧ ಮಾಡಿದ್ದು. ಇದು ಬಿ.ಪಿ. ಇಳಿಸುವ ಔಷಧಿಯಲ್ಲ, ಅದಕ್ಕೆ ಲ್ಯಾಬೆಟಲಾಲ್, ನಿಫೆಡಿಪಿನ್ ಬೇರೆ ಇವೆ. ಮ್ಯಾಗ್ನೀಷಿಯಂ ಕೊಡುವುದು ಬಿ.ಪಿ. ಏರಿದ ಬಸುರಿಗೆ ಫಿಟ್ಸ್ ಬರದಿರಲಿ, ಬಂದಿದ್ದರೆ ಮರುಕಳಿಸದಿರಲಿ ಎಂದು. 2002ರ ಮ್ಯಾಗ್‌ಪೈ ಅಧ್ಯಯನದಲ್ಲಿ ಸುಮಾರು 10,000 ಗರ್ಭಿಣಿಯರನ್ನು ಗಮನಿಸಿದಾಗ, ಇದನ್ನು ಪಡೆದವರಲ್ಲಿ ಫಿಟ್ಸ್ ಅರ್ಧಕ್ಕಿಂತ ಕಡಿಮೆಯಾಗಿತ್ತು.

ಈಗ ಮಂಡಿಯ ವಿಷಯ. ಮ್ಯಾಗ್ನೀಷಿಯಂ ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ಮಂಕು ಮಾಡುತ್ತದೆ. ರಕ್ತದಲ್ಲಿ ಲೀಟರಿಗೆ 4ರಿಂದ 7 ಮಿಲಿ ಈಕ್ವಿವಲೆಂಟ್ (ರಕ್ತದಲ್ಲಿನ ಲವಣ ಅಳೆಯುವ ಮಾನ) ಇದ್ದರೆ ಫಿಟ್ಸ್ ತಡೆಯಲು ಸಾಕು. 10ರ ಹತ್ತಿರ ಬಂದರೆ ಮಂಡಿಚಿಪ್ಪಿನ ಕೆಳಗೆ ತಟ್ಟಿದರೂ ಕಾಲು ಎಗರುವುದಿಲ್ಲ. 12 ದಾಟಿದರೆ ಉಸಿರೇ ನಿಲ್ಲಬಹುದು. ಉಸಿರಿಗಿಂತ ಮೊದಲು ಮಂಡಿ ಸೋಲುತ್ತದೆ, ಸಿಸ್ಟರ್ ಕಾಯುವುದು ಅದನ್ನೇ. ಲ್ಯಾಬ್ ರಿಪೋರ್ಟ್ ಬರುವವರೆಗೆ ಕೂರಬೇಕಿಲ್ಲ, ಪುಟ್ಟ ಸುತ್ತಿಗೆಯೇ ಸಾಕು. ನೋವು ತಿಳಿಯದಿರಲೆಂದು ಬೆನ್ನಿಗೆ ಎಪಿಡ್ಯೂರಲ್ ಇಂಜೆಕ್ಷನ್ ಕೊಟ್ಟಿದ್ದರೆ ಮಂಡಿ ನಂಬುವಂತಿಲ್ಲ, ಮೊಣಕೈ ಬಳಿ ತಟ್ಟುತ್ತಾರೆ.

ಯೂರಿನ್ ಬ್ಯಾಗನ್ನೂ ಅಷ್ಟೇ ಕಣ್ಣಿಟ್ಟು ನೋಡುತ್ತಾರೆ. ಈ ಔಷಧಿ ಹೊರಹೋಗುವುದು ಮೂತ್ರಪಿಂಡದಿಂದ ಮಾತ್ರ, ಬಿ.ಪಿ. ಕಾಯಿಲೆ ಕೆಡಿಸುವುದೂ ಅದನ್ನೇ. ಹಾಗಾಗಿ ಮುಂದಿನ ಡೋಸ್‌ಗೆ ಮೊದಲು ಮೂರು ಸಂಗತಿ ನೋಡುತ್ತಾರೆ: ಮಂಡಿ ಎಗರಬೇಕು, ಉಸಿರು ನಿಮಿಷಕ್ಕೆ 16ಕ್ಕಿಂತ ಕಡಿಮೆಯಿರಬಾರದು, ಮೂತ್ರ ಗಂಟೆಗೆ 30 ಮಿ.ಲೀ. ಬರುತ್ತಿರಬೇಕು. ಒಂದು ತಪ್ಪಿದರೂ ಡೋಸ್ ತಡೆಯುತ್ತಾರೆ. ಉಸಿರು ಕುಗ್ಗಿದರೆ ಇದಕ್ಕೆ ಪ್ರತಿಮದ್ದಾದ ಕ್ಯಾಲ್ಸಿಯಂ ಗ್ಲುಕೋನೇಟ್ 10 ಮಿ.ಲೀ. ನಿಧಾನವಾಗಿ ರಕ್ತನಾಳಕ್ಕೆ ಕೊಡುತ್ತಾರೆ. ಅದು ಮಂಚದ ಪಕ್ಕದಲ್ಲೇ ಇರಬೇಕು, ಸ್ಟೋರಿನಲ್ಲಲ್ಲ.

ಎಡವಟ್ಟು ಹೆಚ್ಚಾಗಿ ಲೆಕ್ಕದಲ್ಲೇ ಆಗುತ್ತದೆ. 50% ದ್ರಾವಣದ 2 ಮಿ.ಲೀ. ಆಂಪೂಲಿನಲ್ಲಿ 1 ಗ್ರಾಂ ಇರುತ್ತದೆ. ಮೊದಲ 4 ಗ್ರಾಂಗೆ ನಾಲ್ಕು ಆಂಪೂಲ್, ಅಂದರೆ 8 ಮಿ.ಲೀ. ಅದಕ್ಕೆ 12 ಮಿ.ಲೀ. ಸಲೈನ್ ಬೆರೆಸಿ ಕನಿಷ್ಠ 5 ನಿಮಿಷ, ಪಂಪ್ ಇದ್ದರೆ 15–20 ನಿಮಿಷ ನಿಧಾನವಾಗಿ ಬಿಡಬೇಕು. ತೆಳು ಮಾಡದೆ ರಕ್ತನಾಳಕ್ಕೆ ತಳ್ಳಿದರೆ ಉಸಿರು, ಹೃದಯ ಎರಡಕ್ಕೂ ಕುತ್ತು. ಸೊಂಟಕ್ಕೆ ಮಾತ್ರ 50% ದ್ರಾವಣವನ್ನೇ ಒಂದೊಂದು ಕಡೆ 5 ಗ್ರಾಂ, ಅಂದರೆ 10 ಮಿ.ಲೀ. ಆಳಕ್ಕೆ ಹಾಕುತ್ತಾರೆ. ಇಂಜೆಕ್ಷನ್ ಅಷ್ಟು ದೊಡ್ಡದಾಗಿ ಕಂಡದ್ದು ಅದಕ್ಕೇ. ಆಮೇಲೆ ಗಂಟೆಗೆ 1 ಗ್ರಾಂ ಡ್ರಿಪ್, ಇಲ್ಲವೇ ನಾಲ್ಕು ಗಂಟೆಗೊಮ್ಮೆ 5 ಗ್ರಾಂ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ.

ನಿಮ್ಮಂತೆ ಊರಿಂದ ಊರಿಗೆ ಕಳಿಸಿದಾಗ ಇನ್ನೊಂದು ಅಪಾಯವಿದೆ. ಮೊದಲ ಡೋಸ್ ಆಗಿರುವುದು ಗೊತ್ತಿಲ್ಲದೆ ಮುಂದಿನ ಆಸ್ಪತ್ರೆಯವರು ಮತ್ತೆ ಅಷ್ಟೇ ಕೊಟ್ಟುಬಿಡಬಹುದು. 108 ಹತ್ತುವ ಮುಂಚೆ ಎಷ್ಟು ಗ್ರಾಂ, ಎಷ್ಟು ಗಂಟೆಗೆ ಎಂದು ರೆಫರಲ್ ಚೀಟಿಯಲ್ಲಿ ಬರೆಸಿಕೊಳ್ಳಿ, ತಾಯಿ ಕಾರ್ಡಿನ ಜೊತೆಗಿಡಿ. ಕಿಡ್ನಿ ತೊಂದರೆಯೋ, ಮಯಸ್ತೇನಿಯಾ ಎಂಬ ಸ್ನಾಯು ಕಾಯಿಲೆಯೋ ಇದ್ದರೆ ಕೇಳದಿದ್ದರೂ ಹೇಳಿ.

ಡೋಸ್ ಹೋಗುವಾಗ ಮೈ ಬಿಸಿಯೇರುವುದು, ಮುಖ ಕೆಂಪಾಗುವುದು ಸಹಜ. ಮಾತು ತೊದಲಿದರೆ, ಒಂದು ಎರಡಾಗಿ ಕಂಡರೆ, ಎಬ್ಬಿಸಿದರೂ ಏಳದಷ್ಟು ಮಂಪರಿದ್ದರೆ ತಕ್ಷಣ ಸಿಸ್ಟರನ್ನು ಕೂಗಿ. ಯೂರಿನ್ ಬ್ಯಾಗನ್ನು ಸಹಾಯ ಮಾಡುವ ಉಮೇದಿನಲ್ಲಿ ನೀವೇ ಖಾಲಿ ಮಾಡಬೇಡಿ, ಅಳತೆ ತಪ್ಪುತ್ತದೆ.

"ಕೂಸು ಬಂತಲ್ಲ, ಇನ್ನು ಡ್ರಿಪ್ ಯಾಕೆ?" ಎಂದು ಹಟ ಹಿಡಿಯುವವರೂ ಇದ್ದಾರೆ. ಹೆರಿಗೆಯಾದ ಮೇಲೂ ಫಿಟ್ಸ್ ಬರುತ್ತದೆ. ಹೆರಿಗೆ ಅಥವಾ ಕೊನೆಯ ಫಿಟ್ಸ್, ಯಾವುದು ತಡವೋ ಅಲ್ಲಿಂದ 24 ಗಂಟೆ ಔಷಧಿ ನಡೆಯಬೇಕು.