ಮಿಲಿಟ್ರಿ ಲಾರಿ ಹರಾಜಿನಲ್ಲಿ ಸಿಗುತ್ತದೆ, ನಂಬರ್ ಎಲ್ಲಿ ಸಿಗುತ್ತದೆ?

ಸೈನ್ಯದ ಹಳೆ ಲಾರಿಗಳ ಹರಾಜಿನ ವಿಡಿಯೊ ಒಂದು ಮೊಬೈಲಿಗೆ ಬಂದರೆ ಸಾಕು, ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ತೋಟಿಗರಲ್ಲಿ ಒಂದು ವಾರ ಅದೇ ಮಾತು. ನಾಲ್ಕೂ ಚಕ್ರಕ್ಕೆ ಎಳೆತ ಇರುವ ಲಾರಿ. ಮಳೆಗಾಲದ ಕೆಸರಿನಲ್ಲಿ ಹೂತು ಕೂರುವುದಿಲ್ಲ. ಹೊಸ ಟಿಪ್ಪರಿನ ಬೆಲೆಯ ಮುಂದೆ ಇದು ಏನೂ ಅಲ್ಲವಂತೆ. ಕಾರವಾರ, ಅಂಕೋಲಾ ಕಡೆ ಕ್ರೇನ್ ಇಟ್ಟುಕೊಂಡವರೂ ವಿಚಾರಿಸುತ್ತಾರೆ. ಕೊಳ್ಳಬಹುದಾ ಎಂದು ಕೇಳಿದರೆ ಉತ್ತರ ಸುಲಭ, ಕೊಳ್ಳಬಹುದು. ಓಡಿಸಬಹುದಾ ಎಂದರೆ ಮಾತ್ರ ಒಬ್ಬೊಬ್ಬರದ್ದು ಒಂದೊಂದು ಮಾತು.

ಇದರಲ್ಲಿ ಯಾರೂ ಸುಳ್ಳು ಹೇಳುತ್ತಿರುವುದಿಲ್ಲ. ಒಬ್ಬರು ಮೂವತ್ತು ವರ್ಷದ ಹಿಂದೆ ತಮ್ಮ ಮಾವನ ಇಂಥ ಲಾರಿಗೆ ಆರ್‌ಟಿಒ ನಂಬರ್ ಸಿಕ್ಕಿದ್ದನ್ನು ಹೇಳುತ್ತಾರೆ. ಇನ್ನೊಬ್ಬರು ಕಳೆದ ವರ್ಷ ಸಿಗದೇ ಹೋದದ್ದನ್ನು. ಎರಡೂ ನಿಜ. ನಡುವೆ ನಿಯಮ ಬದಲಾಯಿತು, ಹರಾಜಿನ ರೀತಿ ಬದಲಾಯಿತು, ಹೊಗೆಯ ಲೆಕ್ಕ ಬದಲಾಯಿತು. ಲಾರಿ ಮಾತ್ರ ಅದೇ.

ಕಥೆ ಶುರುವಾಗುವುದು ಎರಡನೇ ಮಹಾಯುದ್ಧ ಮುಗಿದಲ್ಲಿ. ಬರ್ಮಾ ಕಡೆಯ ಯುದ್ಧಕ್ಕೆಂದು ಭಾರತಕ್ಕೆ ಬಂದಿಳಿದ ಅಮೆರಿಕದ ಜಿಎಂಸಿ, ಕೆನಡಾ ಮಾದರಿಯ ಫೋರ್ಡ್ ಮತ್ತು ಶೆವರ್ಲೆ ಲಾರಿಗಳು, ವಿಲ್ಲೀಸ್ ಜೀಪುಗಳು 1945ರ ನಂತರ ಬೇಡವಾದವು. ಅವನ್ನು ಇಲ್ಲೇ ಮಾರಲಾಯಿತು. ‘ಡಿಸ್ಪೋಸಲ್ ಗಾಡಿ’ ಎಂಬ ಮಾತು ಆಗಿನದು. ಘಟ್ಟದುದ್ದಕ್ಕೂ ನಾಟಾ, ಅಂದರೆ ಮರದ ದಿಮ್ಮಿ, ಸಾಗಿಸುವವರು ಅವಕ್ಕೆ ಮುಗಿಬಿದ್ದರು. ನಾಲ್ಕು ಚಕ್ರ, ಆರು ಚಕ್ರ ಎಳೆಯುವ ಲಾರಿ ಆಗ ನಮ್ಮ ದೇಶದಲ್ಲಿ ತಯಾರಾಗುತ್ತಲೇ ಇರಲಿಲ್ಲ.

ಉತ್ತರ ಕನ್ನಡದಲ್ಲಿ ಅಂಥ ಗಾಡಿಗೆ ಕೆಲಸವೋ ಕೆಲಸ. ಹಳಿಯಾಳ, ದಾಂಡೇಲಿ, ಯಲ್ಲಾಪುರ, ಕಿರವತ್ತಿ, ಎಲ್ಲ ಕಡೆ ನಾಟಾ ಡಿಪೋಗಳು. 1959ರಲ್ಲಿ ದಾಂಡೇಲಿಯ ಕಾಗದ ಕಾರ್ಖಾನೆ ಶುರುವಾದ ಮೇಲೆ ಬಿದಿರಿನ ಸಾಗಾಟವೂ ಸೇರಿತು. ಮರ ಕಡಿಯುವ ಕೂಪಿನಿಂದ ಡಿಪೋವರೆಗೆ ರಸ್ತೆ ಅಂತ ಇರುತ್ತಿದ್ದದ್ದು ಗುದ್ದಲಿಯಲ್ಲಿ ಕೆತ್ತಿದ ದಾರಿ. ಒಂದು ಮಳೆ ಬಂದರೆ ಅದೂ ಹೊಂಡ. ಆನೆ ಎಳೆದು ತಂದಿಟ್ಟ ದಿಮ್ಮಿಯನ್ನು ಹೇರಿಕೊಂಡು ಅಲ್ಲಿಂದ ಹೊರಬರಲು ಸಾದಾ ಲಾರಿಗೆ ಆಗುತ್ತಿರಲಿಲ್ಲ.

ಯಾಕೆ ಆಗುತ್ತಿರಲಿಲ್ಲ ಎನ್ನುವುದನ್ನು ಲಾರಿಯ ಅಡಿಗೆ ಬಗ್ಗಿ ನೋಡಿದರೇ ತಿಳಿಯುತ್ತದೆ. ಸಾದಾ ಲಾರಿಯಲ್ಲಿ ಎಂಜಿನ್ನಿನ ಬಲ ಹಿಂದಿನ ಚಕ್ರಕ್ಕೆ ಮಾತ್ರ. ಅಲ್ಲಿ ಜೋಡಿ ಟೈರು. ಕೆಸರಿನಲ್ಲಿ ಮುಂದಿನ ಒಂಟಿ ಟೈರು ಒಂದು ಜಾಡು ಮಾಡುತ್ತದೆ, ಹಿಂದಿನ ಜೋಡಿ ಅದಕ್ಕಿಂತ ಅಗಲದ ಜಾಡನ್ನು ಹೊಸದಾಗಿ ಸೀಳಬೇಕು. ಎರಡು ಟೈರಿನ ನಡುವೆ ಕಲ್ಲು ಸಿಕ್ಕಿಕೊಂಡರೆ ಇನ್ನೊಂದು ರಗಳೆ. ಸೈನ್ಯದ ಎಷ್ಟೋ ಲಾರಿಗಳಲ್ಲಿ ಹಿಂದೆಯೂ ಒಂಟಿ ಟೈರು, ದಪ್ಪ ಹಲ್ಲಿನದು. ಮುಂದಿನ ಚಕ್ರ ತುಳಿದ ಜಾಡಿನಲ್ಲೇ ಹಿಂದಿನದೂ ಬರುತ್ತದೆ. ಗೇರ್‌ಬಾಕ್ಸಿನ ಹಿಂದೆ ಇನ್ನೊಂದು ಪೆಟ್ಟಿಗೆ ಇರುತ್ತದೆ. ಅದರ ಲಿವರ್ ಎಳೆದರೆ ಮುಂದಿನ ಆಕ್ಸಲ್ಲಿಗೂ ಬಲ ಹೋಗುತ್ತದೆ.

ಹೊಸಬರು ತಪ್ಪುವುದು ಈ ಲಿವರಿನಲ್ಲೇ. ಹಳೆ ಮಿಲಿಟ್ರಿ ಲಾರಿಗಳಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ ಡಿಫರೆನ್ಷಿಯಲ್, ಅಂದರೆ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಗೇರಿನ ಜೋಡಣೆ, ಇರುವುದಿಲ್ಲ. ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದೂರ ಓಡಬೇಕು, ಹಿಂದಿನದು ಕಡಿಮೆ. ಮಣ್ಣಿನಲ್ಲಾದರೆ ಟೈರು ಸ್ವಲ್ಪ ಜಾರಿ ಹೊಂದಿಸಿಕೊಳ್ಳುತ್ತದೆ. ಒಣ ಡಾಂಬರಿನಲ್ಲಿ ಜಾರುವುದಿಲ್ಲ, ಆ ಬಿಗಿ ಹೋಗಿ ಗೇರು-ಶಾಫ್ಟಿನಲ್ಲಿ ಕೂರುತ್ತದೆ. ದೇವಿಮನೆ ಘಾಟಿಯ ತಿರುವುಗಳಲ್ಲಿ ಫೋರ್ ವೀಲ್ ಹಾಕಿಕೊಂಡು ಇಳಿಯುವುದು ಅಂದರೆ ಗಾಡಿಯನ್ನು ಗಾಡಿಯಿಂದಲೇ ತಿರುಚಿದ ಹಾಗೆ. ಹಳಬರು ಡಾಂಬರು ಕಂಡ ಕೂಡಲೇ ಲಿವರ್ ಬಿಡಿಸುತ್ತಿದ್ದರು. ಹಳ್ಳ ದಾಟಿದ ಮೇಲೆ ಸ್ವಲ್ಪ ದೂರ ಬ್ರೇಕಿನ ಮೇಲೆ ಹಗುರಾಗಿ ಕಾಲಿಟ್ಟೇ ಓಡಿಸಿ ಡ್ರಮ್ಮಿನ ನೀರು ಒಣಗಿಸಿಕೊಳ್ಳುತ್ತಿದ್ದರು. ಹತ್ತಿದ ಗೇರಿನಲ್ಲೇ ಇಳಿಯಬೇಕು ಎನ್ನುವುದಂತೂ ಅರಬೈಲ್ ಘಾಟಿಯಲ್ಲಿ ಸ್ಟೀರಿಂಗ್ ಹಿಡಿದವರಿಗೆ ಹೇಳಿಕೊಡಬೇಕಾಗಿರಲಿಲ್ಲ.

ಯುದ್ಧದ ಗಾಡಿಗಳು ಸವೆದುಹೋಗುವ ಹೊತ್ತಿಗೆ ನಮ್ಮದೇ ಗಾಡಿ ಬಂತು. ಜರ್ಮನಿಯ ಮಾನ್ ಕಂಪನಿಯ ಲೈಸೆನ್ಸ್ ಪಡೆದು 1959ರಲ್ಲಿ ಜಬಲ್ಪುರದಲ್ಲಿ ಶಕ್ತಿಮಾನ್ ಲಾರಿ ತಯಾರಿಕೆ ಶುರುವಾಯಿತು. ಆಮೇಲೆ ಚಿಕ್ಕ ಲಾರಿ ನಿಸ್ಸಾನ್ ಒನ್ ಟನ್, ಜೀಪಿನಂಥ ಜೋಂಗಾ. 1965 ಮತ್ತು 1971ರ ಯುದ್ಧಗಳಲ್ಲಿ ಸೈನ್ಯವನ್ನು ಹೊತ್ತದ್ದು ಮುಖ್ಯವಾಗಿ ಶಕ್ತಿಮಾನ್. 1990ರ ದಶಕದಲ್ಲಿ ಶಕ್ತಿಮಾನ್ ನಿಂತು ಅಶೋಕ್ ಲೇಲ್ಯಾಂಡಿನ ಸ್ಟಾಲಿಯನ್, ಟಾಟಾದ ಎರಡೂವರೆ ಟನ್ನಿನ ಲಾರಿಗಳು ಬಂದವು. ಈಗ ಹರಾಜಿನ ವಿಡಿಯೊಗಳಲ್ಲಿ ಕಾಣುವುದು ಹೆಚ್ಚಾಗಿ ಈ ಎರಡು.

ಹಳೆ ಮಿಲಿಟ್ರಿ ಲಾರಿ ಎಲ್ಲಾದರೂ ಸಿಕ್ಕರೆ ಹಿಂದಿನಿಂದ ಬಗ್ಗಿ ನೋಡಿ. ಹಿಂದಿನ ಆಕ್ಸಲ್ಲಿನ ಡಿಫರೆನ್ಷಿಯಲ್ ಗುಂಡಿನ ಮೇಲೆ ಬಿಳಿ ಬಣ್ಣ ಬಳಿದಿರುತ್ತಾರೆ, ಅದರ ಮೇಲೆ ಬೆಳಕು ಬೀಳುವ ಹಾಗೆ ಒಂದು ಚಿಕ್ಕ ದೀಪ. ರಾತ್ರಿ ಹೆಡ್‌ಲೈಟ್ ಹಾಕದೆ ಸಾಲಾಗಿ ಹೋಗುವಾಗ ಹಿಂದಿನ ಡ್ರೈವರ್ ಆ ಬಿಳಿ ಗುಂಡು ನೋಡಿಕೊಂಡೇ ಬರುತ್ತಾನೆ. ಮೇಲಿನಿಂದ ವಿಮಾನದವನಿಗೆ ಅದು ಕಾಣುವುದಿಲ್ಲ. ಹರಾಜಾಗಿ, ಎರಡು ಕೈ ಬದಲಾಗಿ, ಬಾಡಿ ಪೂರ್ತಿ ಹೊಸದಾಗಿ ಕಟ್ಟಿಸಿದ ಮೇಲೂ ಎಷ್ಟೋ ಗಾಡಿಗಳಲ್ಲಿ ಆ ಬಿಳಿ ಬಣ್ಣ ಹಾಗೇ ಉಳಿದಿರುತ್ತದೆ. ಯಾರೂ ಅಡಿಗೆ ಕೈ ಹಾಕಿರುವುದಿಲ್ಲ ಅಷ್ಟೆ.

1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಸಾಲ್ಕಣಿಯ ಜನ ಕಳಸೆ ಕಾಡಿಗೆ ನಡೆದುಹೋಗಿ, ಕಡಿಯಲು ಬಿಡದೆ ಮರ ಅಪ್ಪಿಕೊಂಡರು. ಅಪ್ಪಿಕೋ ಚಳವಳಿಯ ನಂತರ ಹಸಿರು ಮರ ಕಡಿಯುವುದಕ್ಕೆ ತಡೆ ಬಿತ್ತು. 1996ರ ಡಿಸೆಂಬರಿನಲ್ಲಿ ಕಾಡಿನ ರಕ್ಷಣೆಯ ಗೋದವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಆದೇಶ ಉಳಿದ ಬಾಗಿಲುಗಳನ್ನೂ ಮುಚ್ಚಿತು. ಕಾಡು ಉಳಿಯಿತು, ಒಳ್ಳೆಯದೇ ಆಯಿತು. ನಾಟಾ ಲಾರಿಗಳಿಗೆ ಮಾತ್ರ ಕೆಲಸ ಇಲ್ಲವಾಯಿತು. ಕೆಲವು ಗುಜರಿ ಸೇರಿದವು, ಕೆಲವು ಬೆನ್ನ ಮೇಲೆ ಕ್ರೇನ್ ಹೊತ್ತುಕೊಂಡು ಘಾಟಿಯಲ್ಲಿ ಪಲ್ಟಿಯಾದ ಲಾರಿಗಳನ್ನು ಎತ್ತುವ ಕೆಲಸಕ್ಕೆ ನಿಂತವು.

ಇನ್ನು ನಂಬರಿನ ಗೋಜಲು. ಸೈನ್ಯದ ಗಾಡಿಯ ಪ್ಲೇಟು ನೋಡಿರುತ್ತೀರಿ. ಮೇಲ್ಮುಖದ ಬಾಣ, ಆಮೇಲೆ ವರ್ಷ ಹೇಳುವ ಎರಡು ಅಂಕಿ, ಒಂದು ಅಕ್ಷರ, ಉದ್ದದ ನಂಬರು. ಅದು ಆರ್‌ಟಿಒ ಕೊಟ್ಟದ್ದಲ್ಲ. 1989ರ ಜುಲೈ 1ರಿಂದ ಜಾರಿಗೆ ಬಂದ ಮೋಟಾರು ವಾಹನ ಕಾಯ್ದೆಯ 60ನೇ ಕಲಮು ರಕ್ಷಣಾ ಕೆಲಸದ ಗಾಡಿಗಳಿಗೆ ಬೇರೆಯೇ ನೋಂದಣಿ ಇಟ್ಟಿದೆ. ಗಾಡಿ ಸೈನ್ಯದ ಕೈ ಬಿಟ್ಟ ದಿನ ಆ ನೋಂದಣಿಯ ಆಸರೆ ಮುಗಿಯಿತು. ಆಮೇಲೆ ಅದು ಎಲ್ಲರ ಗಾಡಿಯಂತೆ ಹೊಸದಾಗಿ ನೋಂದಣಿ ಆಗಬೇಕು. ಅಂದರೆ ಇಪ್ಪತ್ತು ವರ್ಷ ಓಡಿದ ಲಾರಿ ಕಾಗದದ ಮೇಲೆ ಇನ್ನೂ ಹುಟ್ಟಿಯೇ ಇಲ್ಲ.

ಇದಕ್ಕೂ ದಾರಿ ಇತ್ತು, ಈಗಲೂ ನಿಯಮದ ಪುಸ್ತಕದಲ್ಲಿ ಇದೆ. ಹೊಸ ಗಾಡಿಗೆ ಡೀಲರ್ ಕೊಡುವ ಫಾರಂ 21 ಎಂಬ ಮಾರಾಟ ಪತ್ರ ಇದೆಯಲ್ಲ, ಸೈನ್ಯದ ಹರಾಜಿನ ಗಾಡಿಗೆ ಅದೇ ಫಾರಂ ಅನ್ನು ರಕ್ಷಣಾ ಇಲಾಖೆಯ ಅಧಿಕಾರಿ ಕೊಡಬಹುದು. ಕೇಂದ್ರ ಮೋಟಾರು ವಾಹನ ನಿಯಮಗಳ 47ನೇ ನಿಯಮ ನೋಂದಣಿ ಅರ್ಜಿಯ ಜತೆ ಮೂಲ ಪ್ರತಿಯನ್ನೇ ಕೇಳುತ್ತದೆ. ಆ ಒಂದು ಹಾಳೆ ಇದ್ದರೆ ಲಾರಿ, ಇಲ್ಲದಿದ್ದರೆ ಕಬ್ಬಿಣ.

ಮೊದಲು ಹರಾಜು ಅಂದರೆ ಡಿಪೋದ ಅಂಗಳದಲ್ಲಿ ನಿಂತು ಕೂಗುವುದು. ಗ್ಯಾರೇಜಿನ ಮೇಸ್ತ್ರಿಯನ್ನು ಜತೆಗೆ ಕರೆದುಕೊಂಡು ಹೋಗಿ, ಎಣ್ಣೆ ಕಡ್ಡಿ ಎಳೆದು ಮೂಸಿ, ಟೈರಿಗೆ ಒದ್ದು ನೋಡಿ ಕೊಳ್ಳುತ್ತಿದ್ದರು. ಈಗ ಹರಾಜು ಎಂಎಸ್‌ಟಿಸಿ ಎಂಬ ಕೇಂದ್ರದ ಸಂಸ್ಥೆಯ ಆನ್‌ಲೈನ್ ಜಾಲದಲ್ಲಿ. ಕಬ್ಬಿಣದ ಗುಜರಿ ವ್ಯಾಪಾರಕ್ಕೆಂದು 1964ರಲ್ಲಿ ಹುಟ್ಟಿದ ಸಂಸ್ಥೆ ಅದು. ಮುಂಗಡ ಕಟ್ಟಿ ಮನೆಯಲ್ಲೇ ಕೂತು ಬೆಲೆ ಕೂಗಬಹುದು. ಪಾರದರ್ಶಕ ಎನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಮಾಲು ‘ಇದ್ದಲ್ಲಿ, ಇದ್ದ ಹಾಗೆ’. ಗಾಡಿಯನ್ನು ಓಡಿಸಲು ಮಾರುತ್ತಿದ್ದಾರಾ ಅಥವಾ ಒಡೆಯಲು ಮಾರುತ್ತಿದ್ದಾರಾ, ಅದು ಷರತ್ತಿನ ಪುಟದಲ್ಲಿರುತ್ತದೆ. ವಿಡಿಯೊದವರು ಆ ಪುಟ ತೋರಿಸುವುದಿಲ್ಲ. ಮಿಲಿಟ್ರಿ ಅಧಿಕಾರಿ ಎಂದು ಹೇಳಿಕೊಂಡು ಫೋನಿನಲ್ಲೇ ಗಾಡಿ ಮಾರುವವರ ಕಥೆ ಬೇರೆ, ಅದು ಸುಮ್ನೆ ಮೋಸ.

ಫಾರಂ 21 ಕೈಗೆ ಬಂದವರಿಗೂ ಒಂದು ಮುಳ್ಳು ಇರುತ್ತದೆ. ಸೈನ್ಯದ ವರ್ಕ್‌ಶಾಪುಗಳಲ್ಲಿ ಎಂಜಿನ್ ಕೆಟ್ಟರೆ ರಿಪೇರಿಯಾದ ಇನ್ನೊಂದು ಎಂಜಿನ್ ಕೂರಿಸಿ ಕಳಿಸುವುದು ಸಾಮಾನ್ಯ. ಸೈನ್ಯಕ್ಕೆ ಗಾಡಿ ಓಡಿದರೆ ಸಾಕು. ಆರ್‌ಟಿಒ ಇನ್‌ಸ್ಪೆಕ್ಟರ್ ಮಾತ್ರ ಕಾಗದದ ನಂಬರನ್ನು ಎಂಜಿನ್ ಮೇಲೆ ಹುಡುಕುತ್ತಾರೆ. ಸಿಗದಿದ್ದರೆ ಸಹಿ ಹಾಕುವುದಿಲ್ಲ, ಅವರ ಜಾಗದಲ್ಲಿ ನಾನಿದ್ದರೂ ಹಾಕುತ್ತಿರಲಿಲ್ಲ. ತಿದ್ದುಪಡಿಗೆ ನೂರಾರು ಕಿಲೋಮೀಟರ್ ದೂರದ ಡಿಪೋಗೆ ಪತ್ರ ಬರೆಯಬೇಕು. ಅಷ್ಟರಲ್ಲಿ ಲಾರಿಗೆ ಕರಾವಳಿಯ ಉಪ್ಪುಗಾಳಿ ತಾಗಿ ಕ್ಯಾಬಿನ್ನಿನ ಅಂಚು ಉದುರಲು ಶುರುವಾಗಿರುತ್ತದೆ.

ಬಣ್ಣ ಬದಲಿಸಬೇಕು ಎನ್ನುವುದು ಚಿಕ್ಕ ವಿಷಯ. ಆಲಿವ್ ಹಸಿರು ರಕ್ಷಣಾ ಇಲಾಖೆಗೆ ಮಾತ್ರ ಎಂದು 121ನೇ ನಿಯಮ ಹೇಳುತ್ತದೆ. ಆ ಬಣ್ಣಕ್ಕಾಗಿಯೇ ಗಾಡಿ ಕೊಳ್ಳುವವರಿಗೆ ಇದು ಬೇಜಾರಾಗಬಹುದು. ದೊಡ್ಡ ವಿಷಯ ಬೇರೆ. ಸ್ವಂತ ತೋಟದ ಗೊಬ್ಬರ, ಅಡಿಕೆ ಮಾತ್ರ ಹೇರುತ್ತೇನೆ ಎಂದರೂ ಲಾರಿ ಕಾಯ್ದೆಯ ಲೆಕ್ಕದಲ್ಲಿ ಸರಕು ಗಾಡಿಯೇ. ಹಳದಿ ಪ್ಲೇಟು, ಪರ್ಮಿಟ್ಟು, ವರ್ಷ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಎಲ್ಲ ಬೇಕು. ಹದಿನೈದು ವರ್ಷ ದಾಟಿದ ಭಾರೀ ಗಾಡಿಯ ಎಫ್‌ಸಿ ಶುಲ್ಕವನ್ನು ಕೇಂದ್ರ 2022ರ ಏಪ್ರಿಲಿನಲ್ಲಿ 12,500 ರೂಪಾಯಿಗೆ ಏರಿಸಿತು. ಲೈಸೆನ್ಸಿನಲ್ಲೂ ಹಾಗೇ. 7,500 ಕಿಲೋ ಒಳಗಿನ ಸಾರಿಗೆ ಗಾಡಿಯನ್ನು ಕಾರಿನ ಲೈಸೆನ್ಸಿನಲ್ಲಿ ಓಡಿಸಬಹುದು ಎಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ನಿಸ್ಸಾನ್ ಒನ್ ಟನ್ ಅದರೊಳಗೆ ಬರುತ್ತದೆ. ಶಕ್ತಿಮಾನ್, ಸ್ಟಾಲಿಯನ್ ಬರುವುದಿಲ್ಲ. ಅವಕ್ಕೆ ಹೆವಿ ಲೈಸೆನ್ಸೇ ಬೇಕು.

ಇಷ್ಟೂ ತಾಪತ್ರಯ ದಾಟಿ ಗಾಡಿ ಓಡಿಸಿದವರು ಇದ್ದರು. 2017ರ ನಂತರ ದಾರಿ ನಿಜಕ್ಕೂ ಕಿರಿದಾಯಿತು. ಆ ವರ್ಷದ ಏಪ್ರಿಲ್ 1ರಿಂದ ಬಿಎಸ್-3 (ಭಾರತ್ ಸ್ಟೇಜ್ ಎಂಬ ಹೊಗೆಯ ಮಾನದಂಡ) ಗಾಡಿಗಳ ಮಾರಾಟ, ನೋಂದಣಿ ನಿಂತಿತು. 2020ರ ಏಪ್ರಿಲ್ 1ರಿಂದ ಬಿಎಸ್-4ಕ್ಕೂ ಅದೇ ಗತಿ. ಈ ಆದೇಶಗಳು ಹೊರಟದ್ದು ಶೋರೂಮಿನ ಹೊಸ ಗಾಡಿಗಳನ್ನು ಕಣ್ಣಮುಂದೆ ಇಟ್ಟುಕೊಂಡು. ಆದರೆ ಹರಾಜಿನ ಮಿಲಿಟ್ರಿ ಲಾರಿಗೂ ಅದು ಮೊದಲ ನೋಂದಣಿಯೇ, ಅಲ್ವಾ? ಬಿಎಸ್ ಎಂಬ ಲೆಕ್ಕ ಹುಟ್ಟುವ ಮೊದಲೇ ತಯಾರಾದ ಎಂಜಿನ್ನಿಗೆ ಕಂಪ್ಯೂಟರಿನ ಯಾವ ಖಾನೆಯಲ್ಲಿ ಜಾಗ ಕೊಡುವುದು? 47ನೇ ನಿಯಮ ಬಾ ಎನ್ನುತ್ತದೆ, ಹೊಗೆಯ ನಿಯಮ ಹೋಗು ಎನ್ನುತ್ತದೆ.

2021ರಲ್ಲಿ ಗುಜರಿ ನೀತಿಯ ನಿಯಮಗಳು ಬಂದವು. 2023ರ ಏಪ್ರಿಲ್ 1ರಿಂದ ಹದಿನೈದು ವರ್ಷ ತುಂಬಿದ ಸರಕಾರಿ ಗಾಡಿಗಳ ನೋಂದಣಿ ರದ್ದಾಗಿ, ಅವು ನೋಂದಾಯಿತ ಗುಜರಿ ಕೇಂದ್ರಕ್ಕೇ ಹೋಗಬೇಕು ಎಂದಾಯಿತು. ದೇಶದ ರಕ್ಷಣೆಯ ಕಾರ್ಯಾಚರಣೆಗೆ ಬಳಸುವ ವಿಶೇಷ ಗಾಡಿಗಳಿಗೆ ವಿನಾಯಿತಿ ಇದೆ. ಅಕ್ಕಿ ಮೂಟೆ, ಡೀಸೆಲ್ ಡ್ರಮ್ಮು ಹೊತ್ತ ಲಾರಿ ಆ ವಿನಾಯಿತಿಯ ಒಳಗೋ ಹೊರಗೋ ಎಂದು ಕೊಳ್ಳುವವನು ಕೇಳಿದರೆ ಖಚಿತವಾಗಿ ಹೇಳುವವರು ಸಿಗುವುದು ಕಷ್ಟ. ಹಳೆ ಎಂಜಿನ್ ಹೊಗೆ ಉಗುಳುತ್ತದೆ, ರಸ್ತೆಯಿಂದ ಇಳಿಯಲಿ ಎನ್ನುವುದು ಸರಿಯಾದ ಮಾತೇ. ಆದರೆ ವರ್ಷಕ್ಕೆ ಸಾವಿರ ಕಿಲೋಮೀಟರೂ ಓಡದ, ಬೆಟ್ಟದ ದಾರಿಯಲ್ಲಿ ಸೊಪ್ಪು-ಗೊಬ್ಬರ ಹೇರುವ ಗಾಡಿಯನ್ನೂ ದೆಹಲಿಯ ರಸ್ತೆಯಲ್ಲಿ ದಿನವಿಡೀ ಉರುಳುವ ಲಾರಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದಾರೆ. ಮಾರುವ ಕೈಗೂ ನೋಂದಣಿ ಮಾಡುವ ಕೈಗೂ ಮಾತುಕತೆ ಇದ್ದಿದ್ದರೆ, ನಂಬರ್ ಸಿಗದ ಗಾಡಿಯನ್ನು ಜನ ದುಡ್ಡು ಕೊಟ್ಟು ಕೊಳ್ಳುವ ಪ್ರಸಂಗವಾದರೂ ತಪ್ಪುತ್ತಿತ್ತು.

ನಂಬರ್ ಬೇಡ, ನನ್ನ ಜಾಗದಲ್ಲೇ ಓಡಿಸಿಕೊಳ್ಳುತ್ತೇನೆ ಎನ್ನುವವರೂ ಇದ್ದಾರೆ. ಕಾಯ್ದೆಯ 39ನೇ ಕಲಮು ಸಾರ್ವಜನಿಕ ಸ್ಥಳವನ್ನಷ್ಟೇ ಹೇಳಿ ಬಿಟ್ಟಿಲ್ಲ, ಬೇರೆ ಯಾವ ಜಾಗದಲ್ಲೂ ನೋಂದಣಿ ಇಲ್ಲದೆ ಓಡಿಸುವಂತಿಲ್ಲ ಎಂದಿದೆ. ನಮ್ಮ ಕಡೆ ಮನೆಗೂ ತೋಟಕ್ಕೂ ಬೆಟ್ಟಕ್ಕೂ ನಡುವೆ ಊರ ರಸ್ತೆಯೋ ಅರಣ್ಯ ಇಲಾಖೆಯ ದಾರಿಯೋ ಅಡ್ಡ ಬಂದೇ ಬರುತ್ತದೆ. ವಿಮೆ ಇಲ್ಲದ ಗಾಡಿ ಅಲ್ಲಿ ಯಾರಿಗಾದರೂ ತಾಗಿದರೆ ಪರಿಹಾರವನ್ನು ಮಾಲೀಕ ಜೇಬಿನಿಂದಲೇ ಕೊಡಬೇಕು. ಇನ್ನು ಅಂಕೋಲಾ ಕಡೆಯ ಶಿರೂರಿನ ಗುಡ್ಡ ಕುಸಿತ, ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಬಿದ್ದದ್ದು, ಎರಡೂ 2024ರವು. ಅದಾದ ಮೇಲೆ ಮಳೆಗಾಲದಲ್ಲಿ ಘಾಟಿಗೆ ಭಾರೀ ಗಾಡಿ ಬಿಡುವ ವಿಷಯದಲ್ಲಿ ಎಲ್ಲರೂ ಬಿಗಿಯಾಗಿದ್ದಾರೆ. ಕೆಸರಿಗೆಂದು ಕೊಂಡ ಲಾರಿ ಕೆಸರಿನ ಕಾಲದಲ್ಲೇ ಚೆಕ್‌ಪೋಸ್ಟಿನಲ್ಲಿ ನಿಲ್ಲಬೇಕಾಗಬಹುದು.

ಹೀಗಾಗಿ ತಿಳಿದವರು ಈಗ ಹರಾಜಿನ ಕಡೆ ನೋಡುವುದು ಕಡಿಮೆ. ಹಿಂದೆಯೇ ಆರ್‌ಟಿಒ ನಂಬರ್ ಬಿದ್ದಿರುವ ಮಿಲಿಟ್ರಿ ಗಾಡಿ ಎಲ್ಲಿದೆ ಎಂದು ಹುಡುಕುತ್ತಾರೆ. ಶಿರಸಿಯ ಕೆಎ 31 ಆದರೂ ಸರಿ, ದಾಂಡೇಲಿಯ ಕೆಎ 65 ಆದರೂ ಸರಿ, ಹೊರ ಜಿಲ್ಲೆಯದಾದರೂ ಸರಿ. ಅಲ್ಲೂ ಆರ್‌ಸಿಯ ಚಾಸಿ ನಂಬರನ್ನು ಫ್ರೇಮಿನ ಮೇಲೆ ತುಕ್ಕು ಕೆರೆದು ಕಣ್ಣಾರೆ ನೋಡಬೇಕು, ಎಂಜಿನ್ ನಂಬರ್ ತಾಳೆ ಹಾಕಬೇಕು, ಎಫ್‌ಸಿ ಎಂದಿನವರೆಗೆ ಇದೆ ಎಂದು ವಿಚಾರಿಸಬೇಕು. ಇವಿಷ್ಟು ಸರಿ ಇದ್ದರೆ ಆಮೇಲೆ ಬ್ರೇಕು, ಟೈರಿನ ಮಾತು.