ಟ್ರಾಮಿನ ಕಾಟಕ್ಕೆ ಅಲಿಬಾಗ್ ಸೇರಿದ ಕಾಂತ

ಮುಂಬೈಯಲ್ಲಿ ಯಾರಾದರೂ ಪೆದ್ದುಪೆದ್ದಾಗಿ ಆಡಿದರೆ ‘ಅಲಿಬಾಗ್ ಸೇ ಆಯಾ ಹೈ ಕ್ಯಾ?’ (ಅಲಿಬಾಗ್ ಊರಿನಿಂದ ಬಂದೆಯಾ?) ಎಂದು ಛೇಡಿಸುತ್ತಾರೆ. ಇಲ್ಲಿನ ಕನ್ನಡ ಶಾಲೆಯ ಹುಡುಗರ ಬಾಯಲ್ಲೂ ಈ ಮಾತು ಸಲೀಸು. ಭೂಮಿಯ ಕಾಂತಕ್ಷೇತ್ರದ ವಿಷಯಕ್ಕೆ ಬಂದರೆ ಮಾತ್ರ ಮಹಾನಗರ ಸುಮ್ಮನಿರಬೇಕಾಗುತ್ತದೆ. ತನ್ನಲ್ಲಿ ಉಳಿಸಿಕೊಳ್ಳಲಾಗದ ಅಳತೆಯನ್ನು ಅದು ನೂರಿಪ್ಪತ್ತು ವರ್ಷಗಳ ಹಿಂದೆ ಅಲಿಬಾಗ್‌ಗೇ ಒಪ್ಪಿಸಿಬಿಟ್ಟಿದೆ.

ಮುಂಬೈಯ ಕೊಲಾಬಾದ ವೀಕ್ಷಣಾಲಯವನ್ನು ಈಸ್ಟ್ ಇಂಡಿಯಾ ಕಂಪನಿ 1826ರಲ್ಲಿ ಕಟ್ಟಿಸಿದ್ದು ನಕ್ಷತ್ರ ನೋಡಿ ಹಡಗುಗಳಿಗೆ ಸರಿಯಾದ ಸಮಯ ಕೊಡಲಿಕ್ಕೆ. ಕಾಂತದ ಅಳತೆ ಶುರುವಾದದ್ದು 1841ರಲ್ಲಿ. ಆ ಕಾಲದ ಇಂಥ ಉಪಕರಣಗಳ ಹೂರಣ ಸರಳ: ರೇಷ್ಮೆ ಎಳೆಗೆ ತೂಗುಬಿಟ್ಟ ಕಾಂತ, ಅದರೊಂದಿಗೇ ತಿರುಗುವ ಪುಟ್ಟ ಕನ್ನಡಿ, ದೂರದಲ್ಲೊಂದು ದುರ್ಬೀನು ಮತ್ತು ಅಳತೆಪಟ್ಟಿ. ಜಾಣತನವೆಲ್ಲ ಕನ್ನಡಿಯಲ್ಲಿದೆ. ಕನ್ನಡಿ ಒಂದು ಡಿಗ್ರಿಯ ಅರುವತ್ತನೇ ಒಂದು ಭಾಗ ತಿರುಗಿದರೆ ಪ್ರತಿಫಲಿತ ಬೆಳಕು ಅದರ ಎರಡರಷ್ಟು ತಿರುಗುತ್ತದೆ. 2 ಮೀಟರ್ ದೂರದ ಗೋಡೆಯ ಮೇಲೆ ಚುಕ್ಕಿ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚೇ ಸರಿಯುತ್ತದೆ. ಕಾಂತವನ್ನೇ ನೇರವಾಗಿ ನೋಡುತ್ತ ಕೂತರೆ ಈ ಚಲನೆ ಯಾರ ಕಣ್ಣಿಗೂ ಬೀಳದು.

ಹೀಗೆ ಗಂಟೆಗೊಮ್ಮೆ, ಏರುಪೇರು ಕಂಡಾಗ ಕೆಲವೇ ನಿಮಿಷಗಳಿಗೊಮ್ಮೆ ಕಣ್ಣಿಂದ ಓದಿ ಕೈಯಿಂದ ಬರೆದಿಟ್ಟ ದಾಖಲೆಯಲ್ಲೇ 1859ರ ಸೆಪ್ಟೆಂಬರ್ ಇದೆ. 1ನೇ ತಾರೀಖು ಇಂಗ್ಲೆಂಡಿನಲ್ಲಿ ಖಗೋಳವಿಜ್ಞಾನಿ ರಿಚರ್ಡ್ ಕ್ಯಾರಿಂಗ್ಟನ್ ಸೂರ್ಯನ ಮೇಲೊಂದು ಬೆಳಕಿನ ಸ್ಫೋಟ ಕಂಡ. ಸೂರ್ಯನಿಂದ ಚಿಮ್ಮಿದ ಕಣಗಳು ಭೂಮಿಗೆ ಬಡಿದು ಮರುದಿನ ಕೊಲಾಬಾದಲ್ಲಿ ಕ್ಷೇತ್ರದ ಅಡ್ಡ ಘಟಕ, ಅಂದರೆ ನೆಲಕ್ಕೆ ಸಮಾನಾಂತರವಾದ ಭಾಗ, ಸುಮಾರು 1,600 ನ್ಯಾನೋಟೆಸ್ಲಾ (ಕಾಂತಕ್ಷೇತ್ರದ ಬಲ ಅಳೆಯುವ ಮಾನ) ಕುಸಿಯಿತು. ಮುಂಬೈಯಲ್ಲಿ ಈ ಘಟಕದ ಮೌಲ್ಯ ಸುಮಾರು 38,000; ಅಂದರೆ ಶೇ 4ರಷ್ಟು ಇಳಿತ. 1989ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯವನ್ನು 9 ಗಂಟೆ ಕತ್ತಲಲ್ಲಿಟ್ಟ ಕಾಂತೀಯ ಬಿರುಗಾಳಿಯಲ್ಲಿ ಸಮಭಾಜಕದತ್ತಣ ಠಾಣೆಗಳ ಸರಾಸರಿ ಇಳಿತ 589 ಮಾತ್ರ. ಒಂದೇ ಠಾಣೆಯ ಅಂಕಿಯನ್ನು ಸರಾಸರಿಯ ಪಕ್ಕ ಇಟ್ಟು ತೂಗುವುದು ಪೂರ್ತಿ ನ್ಯಾಯವಲ್ಲ, ಆದರೂ ಅಂದಾಜು ಸಿಗುತ್ತದೆ.

1872ರಿಂದ ಕೊಲಾಬಾದಲ್ಲಿ ಬೆಳಕಿನ ಚುಕ್ಕಿಯೇ ಫೋಟೊ ಕಾಗದದ ಮೇಲೆ ಗೆರೆ ಎಳೆಯತೊಡಗಿತು. ಮುಂದೆ ಬಂತು ವಿದ್ಯುತ್ ಟ್ರಾಮಿನ ಸುದ್ದಿ. 1874ರಿಂದ ಮುಂಬೈಯಲ್ಲಿ ಓಡುತ್ತಿದ್ದ ಕುದುರೆ ಟ್ರಾಮಿನಿಂದ ಕಾಂತಕ್ಕೆ ತೊಂದರೆ ಇರಲಿಲ್ಲ. ವಿದ್ಯುತ್ ಟ್ರಾಮಿನ ಕಥೆ ಬೇರೆ.

ಲೆಕ್ಕ ಹಾಕಿಯೇ ನೋಡೋಣ. ಉದ್ದನೆಯ ತಂತಿಯಲ್ಲಿ 100 ಆಂಪಿಯರ್ ಡಿಸಿ (ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್) ಹರಿದರೆ 100 ಮೀಟರ್ ದೂರದಲ್ಲಿ 200 ನ್ಯಾನೋಟೆಸ್ಲಾ ಕ್ಷೇತ್ರ ಹುಟ್ಟುತ್ತದೆ. ಆದರೆ ಮೇಲಿನ ತಂತಿಯಲ್ಲಿ ಬಂದ ವಿದ್ಯುತ್ ಕೆಳಗೆ ಹಳಿಯಲ್ಲಿ ಮರಳುವುದರಿಂದ ಒಂದನ್ನೊಂದು ಬಹುಪಾಲು ಅಳಿಸಿಬಿಡಬೇಕಲ್ಲ? ಅಳಿಸುತ್ತದೆ, ಹಳಿ ಪ್ರಾಮಾಣಿಕವಾಗಿದ್ದರೆ! ಮಣ್ಣಿಗೆ ತಾಗಿಕೊಂಡ ಹಳಿಯಿಂದ ಒಂದು ಪಾಲು ಸೋರಿ, ಒದ್ದೆ ನೆಲ, ನೀರಿನ ಪೈಪು, ಸಿಕ್ಕ ದಾರಿ ಹಿಡಿಯುತ್ತದೆ. 20 ಆಂಪಿಯರ್ ಸೋರಿ ದೂರ ಹೋಯಿತು ಅನ್ನಿ. ಅಷ್ಟರ ಮಟ್ಟಿಗೆ ಅಳಿಸುವಿಕೆ ತಪ್ಪಿ 40 ನ್ಯಾನೋಟೆಸ್ಲಾದಷ್ಟು ಉಳಿದುಬಿಡುತ್ತದೆ. ಶಾಂತ ದಿನವೊಂದರಲ್ಲಿ ಬೆಳಗಿನಿಂದ ಸಂಜೆಯೊಳಗೆ ಇಲ್ಲಿ ಪ್ರಕೃತಿಯೇ ಮಾಡುವ ಏರಿಳಿತವೂ ಕೆಲವು ಹತ್ತು ನ್ಯಾನೋಟೆಸ್ಲಾದಷ್ಟೇ. ಅದೂ ಟ್ರಾಮು ಹೊರಟಾಗ ಒಂದು, ನಿಂತಾಗ ಇನ್ನೊಂದು. ಕಾಗದದ ಗೆರೆ ನೋಡಿ ಇದು ಸೂರ್ಯನ ಕೆಲಸವೋ ಟ್ರಾಮಿನದೋ ಎಂದು ಬಿಡಿಸುವುದು ಯಾರಿಂದಲೂ ಆಗದು.

ಆಗ ವೀಕ್ಷಣಾಲಯದ ಹೊಣೆ ಹೊತ್ತಿದ್ದವರು ಅದರ ಮೊದಲ ಭಾರತೀಯ ನಿರ್ದೇಶಕ ನಾನಾಭಾಯ್ ಫ್ರಾಮ್‌ಜಿ ಮೂಸ್. ಮುಂಬೈಯಿಂದ ಸುಮಾರು 30 ಕಿ.ಮೀ. ದಕ್ಷಿಣದ ಅಲಿಬಾಗ್‌ನಲ್ಲಿ ಹೊಸ ಠಾಣೆ ಎದ್ದಿತು. ಕೊಂಕಣದಲ್ಲಿ ಕೈಗೆಟಕುವ ಕಪ್ಪುಕಲ್ಲು ಬೇಡವೆಂದು ಕಾಂತಗುಣವಿಲ್ಲದ ಪೋರಬಂದರ್ ಕಲ್ಲು ತರಿಸಿದರು. ಕಪ್ಪುಕಲ್ಲು ಅಂದರೆ ಬಸಾಲ್ಟ್. ಅದರಲ್ಲಿ ಮ್ಯಾಗ್ನೆಟೈಟ್ ಎಂಬ ಕಾಂತಗುಣದ ಖನಿಜದ ಕಣಗಳಿರುತ್ತವೆ, ಗೋಡೆಯೇ ಕಾಂತವಾಗಿಬಿಡುತ್ತದೆ. ಸೆಖೆ ಏರಿದರೆ ಕಾಂತದ ಬಲ ಇಳಿಯುವುದರಿಂದ ಕೋಣೆಯ ಉಷ್ಣತೆಯೂ ಏರಿಳಿಯದಂತೆ ನೋಡಿಕೊಳ್ಳಬೇಕು.

ನನ್ನ ಮಟ್ಟಿಗೆ ಈ ಕಥೆಯ ಅಸಲಿ ವಿಜ್ಞಾನ ಇರುವುದು 1904ರಿಂದ 1906ರವರೆಗಿನ ಎರಡು ವರ್ಷಗಳಲ್ಲಿ. ಆಗ ಎರಡೂ ಕಡೆ ಒಟ್ಟೊಟ್ಟಿಗೆ ಅಳೆದರು. ನೆಲದಡಿಯ ಬಂಡೆ ಬೇರೆಯಾದ್ದರಿಂದ ಎರಡು ಊರಿನ ಅಂಕಿಗಳ ನಡುವೆ ವ್ಯತ್ಯಾಸ ಇದ್ದೇ ಇರುತ್ತದೆ. ಅದೆಷ್ಟು, ಏರಿಳಿತ ಎರಡೂ ಕಡೆ ಒಂದೇ ತೆರನೋ ಎಂದು ಗೊತ್ತಾದರೆ ಮಾತ್ರ ಹಳೆಯ ಸಾಲಿಗೆ ಹೊಸ ಸಾಲನ್ನು ಹೊಲಿಯಬಹುದು. ಹಾಗೆ ಮಾಡದೆ ಹಳೆಯದನ್ನು ಮುಚ್ಚಿ ಹೊಸದನ್ನು ತೆರೆದಿದ್ದರೆ 1841ರಿಂದ ಇಂದಿನವರೆಗಿನ ನಿಧಾನ ಬದಲಾವಣೆಯ ಲೆಕ್ಕ ಅಲ್ಲೇ ತುಂಡಾಗುತ್ತಿತ್ತು. ವಿದ್ಯುತ್ ಟ್ರಾಮು ಬೀದಿಗಿಳಿದದ್ದು 1907ರಲ್ಲಿ. 1925ರಲ್ಲಿ 1,500 ವೋಲ್ಟ್ ಡಿಸಿಯ ಲೋಕಲ್ ರೈಲೂ ಬಂತು. ಟ್ರಾಮು 1964ರಲ್ಲಿ ನಿಂತಿತು; ಅಲಿಬಾಗ್ ಠಾಣೆ ಭಾರತೀಯ ಭೂಕಾಂತತ್ವ ಸಂಸ್ಥೆಯ ಕೆಳಗೆ ಇನ್ನೂ ನಡೆಯುತ್ತಿದೆ.

ಭೂಮಿಯ ಕಾಂತಕ್ಷೇತ್ರದ ಈ ಅಳತೆಯನ್ನು ತರಗತಿಯಲ್ಲಿ ಮಾಡಿ ನೋಡಲು 5 ಸೆಂ.ಮೀ. ದಂಡಕಾಂತ, ಹುರಿಯಿಲ್ಲದ 50 ಸೆಂ.ಮೀ. ಎಳೆ, ಗಾಳಿ ತಡೆಯಲು ದೊಡ್ಡ ಗಾಜಿನ ಜಾಡಿ ಸಾಕು. ಮೊದಲು ಅಷ್ಟೇ ತೂಕದ ಹಿತ್ತಾಳೆ ತುಂಡನ್ನು ತೂಗುಬಿಟ್ಟು ಎಳೆಯ ತಿರುಚು ಬಿಡಿಸಿ. ಆಮೇಲೆ ಕಾಂತ ಕಟ್ಟಿ, 10 ಡಿಗ್ರಿಯೊಳಗೆ ಅಲುಗಿಸಿ, 20 ಆಂದೋಲನಗಳ ಕಾಲ ಅಳೆಯಿರಿ. ಕ್ಷೇತ್ರ ಶೇ 4 ಇಳಿದರೆ ಈ ಕಾಲ ಶೇ 2 ಹೆಚ್ಚುತ್ತದೆ. ಪ್ರಯೋಗ ಕೈಕೊಡುವುದು ಸಾಮಾನ್ಯವಾಗಿ ಕಂಬದ ಪಕ್ಕದ ಮೇಜಿನಲ್ಲಿ. ಕಾಂಕ್ರೀಟಿನೊಳಗಿನ ಸರಳುಗಳ ಹತ್ತಿರ ಒಂದು ಅಂಕಿ, ಮೂರು ಹೆಜ್ಜೆ ಈಚೆ ಇನ್ನೊಂದು. ಹಾಗಾದಾಗ ಮೇಜನ್ನು ಕೋಣೆಯ ನಡುವಿಗೆ ಎಳೆದು, ಕಬ್ಬಿಣದ ಕುರ್ಚಿ, ಮೊಬೈಲು ಹೊರಗಿಟ್ಟು ಮೊದಲಿಂದ ಎಣಿಸಿ.